ಹನ್ನೆರಡನೇ ಪುಟದ ವಾಕ್ಯ

ಬೆಸುಗೆ ಹಾಕುವಾಗ ರಾಳ ಕರಗಿ ಏಳುವ ಹೊಗೆಯ ವಾಸನೆ ನನಗೆ ಅಪ್ಪನ ವಾಸನೆ. ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಶಾಲೆಯಿಂದ ಬಂದು ಚೀಲ ಇಳಿಸುವ ಮೊದಲೇ ಆ ವಾಸನೆ ಮೂಗಿಗೆ ಹತ್ತುತ್ತಿತ್ತು. ಸ್ವಲ್ಪ ಸಿಹಿ, ಸ್ವಲ್ಪ ಗಂಟಲು ಕೆರೆಯುವಂಥದು. ನನ್ನ ತಮ್ಮನೂ ಅದೇ ಹೊಗೆಯಲ್ಲಿ ಬೆಳೆದವನು. ಅವನಿಗೆ ಆರು ವರ್ಷವಿದ್ದಾಗ, ಗೊರಗೊರ ಎನ್ನುತ್ತಿದ್ದ ಒಂದು ರೇಡಿಯೋದ ಬಾಯಿಗೆ ಅಪ್ಪನ ಟವೆಲು ತುರುಕಿ, "ಅಪ್ಪಾ, ರಿಪೇರಿ ಆಯ್ತು" ಎಂದಿದ್ದ. ಮನೆಯವರೆಲ್ಲ ನಕ್ಕಿದ್ದೆವು. ಆವತ್ತು ಅಪ್ಪ ಒಂದು ಏಟು ಕೊಡಬೇಕಿತ್ತು ಎಂದು ಈಗ ಅರವತ್ತೊಂಬತ್ತನೇ ವಯಸ್ಸಿನಲ್ಲಿ ನನಗೆ ಅನ್ನಿಸುತ್ತದೆ. ಮಕ್ಕಳ ಮೇಲೆ ಕೈ ಎತ್ತಬಾರದೆಂದು ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು ನಾನು. ಆದರೂ ಅನ್ನಿಸುತ್ತದೆ.

ತಮ್ಮನಿಗೆ ಈಗ ಚಪ್ಪಲಿ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ಒಂದು ಸಣ್ಣ ಕಾರ್ಖಾನೆ ಇದೆ. ಆಸ್ಪತ್ರೆಗಳಲ್ಲಿ ಲಸಿಕೆ ಇಡುವ ಫ್ರಿಜ್ಜುಗಳಿಗೆ ಅಂಟಿಸುವ ಪೆಟ್ಟಿಗೆ ತಯಾರಿಸುತ್ತಾನೆ. ಅಂಗೈಯಗಲದ ಬಿಳಿ ಪೆಟ್ಟಿಗೆ. ಒಳಗಿನ ತಂಪು ಎಷ್ಟಿದೆ ಎಂದು ಅಳೆದು, ನೆಟ್‌ವರ್ಕ್ ತಂತಿಯ ಮೂಲಕ ಆಸ್ಪತ್ರೆಯವರ ಫೋನಿಗೆ ಹೇಳುವುದು ಅದರ ಕೆಲಸ. ಬೆಚ್ಚಗಾದರೆ ಫೋನು ಬಡಿದುಕೊಳ್ಳುತ್ತದೆ. ಪೆಟ್ಟಿಗೆಯ ಸಾಫ್ಟ್‌ವೇರ್ ಬರೆಯುವುದು ನನ್ನ ಸೊಸೆ. ಅದನ್ನು ಬಳಸುವುದು ಹೇಗೆಂಬ ಕೈಪಿಡಿ ಬರೆಯುವುದು ನಾನು. ನನ್ನ ಮಗ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾನೆ. "ಮನೆಯಲ್ಲಿ ಕೂತರೂ ಇಬ್ಬರೂ ಪೆಟ್ಟಿಗೆ ಮಾತೇ ಆಡ್ತೀರಿ, ನನ್ನನ್ನೂ ಒಂದಕ್ಕೆ ಅಂಟಿಸಿಬಿಡಿ" ಎಂದು ಗೊಣಗುತ್ತಾನೆ.

ಆ ಬುಧವಾರ ಬೆಳಿಗ್ಗೆ ನಾನು ಮೆಟ್ಟಿಲು ಹತ್ತಿ ಬರುವಾಗಲೇ ತಮ್ಮನ ದನಿ ಕೆಳಗಿನವರೆಗೂ ಕೇಳುತ್ತಿತ್ತು. ಒಂದು ಆಸ್ಪತ್ರೆಯಲ್ಲಿ ಶನಿವಾರ ಫ್ರಿಜ್ಜು ಕೆಟ್ಟಿತ್ತು. ನಮ್ಮ ಪೆಟ್ಟಿಗೆ ತುಟಿ ಪಿಟಕ್ಕೆಂದಿರಲಿಲ್ಲ. ಫೋನಿನಲ್ಲಿ ಕೊನೆಯದಾಗಿ ಬಂದ 'ನಾಲ್ಕು ಡಿಗ್ರಿ' ಹಾಗೇ ನಿಂತಿತ್ತು. ಸೋಮವಾರ ಬಾಗಿಲು ತೆರೆದಾಗ ಒಳಗೆ ಹತ್ತೊಂಬತ್ತು. ಮಕ್ಕಳ ಲಸಿಕೆಯನ್ನೆಲ್ಲ ಚೆಲ್ಲಬೇಕಾಯಿತು.

ತಮ್ಮ ಒಂದು ಪತ್ರ ಟೈಪು ಮಾಡಿಸಿ ಇಟ್ಟಿದ್ದ. 'ನಮ್ಮ ಎಂಜಿನಿಯರರ ವೈಯಕ್ತಿಕ ಅಜಾಗರೂಕತೆಯಿಂದ' ಎಂದು ಶುರುವಾಗುತ್ತಿತ್ತು. ಕೆಳಗೆ ನನ್ನ ಸೊಸೆಯ ಸಹಿಗೆ ಜಾಗ.

"ಸಹಿ ಹಾಕಮ್ಮ. ನಾಲ್ಕು ಗಂಟೆಯೊಳಗೆ ಇದು ಆಸ್ಪತ್ರೆಯವರ ಕೈಯಲ್ಲಿರಬೇಕು."

"ಮಾವ, ಏನಾಗಿದೆ ಅಂತ ನೋಡದೆ ಹೇಗೆ ಸಹಿ ಹಾಕ್ಲಿ? ಇದನ್ನ ಕೊಟ್ಟರೆ ಇನ್ನು ಯಾವ ಆಸ್ಪತ್ರೆ ಯಂತ್ರನೂ ನನ್ನ ಕೈಗೆ ಯಾರೂ ಕೊಡಲ್ಲ."

"ಅಂಥದ್ದೇ ಇನ್ನೊಂದನ್ನ ಎರಡು ದಿನ ಇಲ್ಲಿ ಓಡಿಸಿ ನೋಡಿದೀನಿ. ಗಡಿಯಾರದ ಹಾಗೆ ಓಡ್ತಿದೆ. ಅಲ್ಲಿ ಹೋಗಿ ಸತ್ತಿದೆ ಅಂದ್ರೆ ನೀನು ಬರೆದಿದ್ರಲ್ಲೇ ಐಬು."

"ಸಾಯೋ ಮುಂಚೆ ಅದು ಕೂಗಬೇಕಿತ್ತು. ಕೂಗೋ ಹಾಗೆ ನಾನು ಇಟ್ಟಿದ್ದೆ. ಯಾಕೆ ಕೂಗಲಿಲ್ಲ?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಸೊಸೆ ಲ್ಯಾಪ್‌ಟಾಪ್ ತೆರೆದು, ಆಸ್ಪತ್ರೆಗೆ ಹೋದ ಪೆಟ್ಟಿಗೆಗಳಲ್ಲಿ ತುಂಬಿಸಿದ ಕಡತಗಳನ್ನು ಒಂದೊಂದಾಗಿ ನೋಡತೊಡಗಿದಳು.

ಈ ಕೂಗುವ ವಿಷಯವನ್ನು ಅವಳು ನನಗೆ ಕೈಪಿಡಿ ಬರೆಯುವ ಕಾಲದಲ್ಲಿ ವಿವರಿಸಿದ್ದಳು. "ಅತ್ತೆ, ನಿಮ್ಮ ಕಾಲೇಜು ಅಂದ್ಕೊಳ್ಳಿ. ನೆಟ್‌ವರ್ಕ್ ಸಾಫ್ಟ್‌ವೇರಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ವಿಭಾಗ. ಮೆಮೊರಿ ನೋಡ್ಕೊಳ್ಳೋದು ಒಂದು, ವಿಳಾಸ ಹುಡುಕೋದು ಒಂದು, ಸುದ್ದಿ ಕಳಿಸೋದು ಒಂದು. ಯಾವ ವಿಭಾಗದವರು ಪ್ರಿನ್ಸಿಪಾಲರ ಹತ್ರ ಬಂದು ದೂರು ಹೇಳಬಹುದು, ಎಷ್ಟು ದೊಡ್ಡ ದೂರು ಇದ್ರೆ ಮಾತ್ರ ಬರಬಹುದು, ಅದನ್ನೆಲ್ಲ ಈ ಒಂದು ಫೈಲಲ್ಲಿ ಬರೀತೀವಿ. ಡಿಬಗ್ ಫೈಲ್ ಅಂತಾರೆ."

"ಪ್ರಿನ್ಸಿಪಾಲರ ಕೋಣೆಗೇ ಬೀಗ ಹಾಕಿದರೆ?"

"ಅದು ಎಲ್ಲಕ್ಕಿಂತ ಮೇಲಿನ ಸಾಲು. ಅದನ್ನ ಆಫ್ ಮಾಡಿದ್ರೆ ಕೆಳಗೆ ಏನೇ ಬರೆದಿದ್ರೂ ಒಬ್ಬರೂ ಬಾಯಿ ಬಿಡಲ್ಲ. ಹಾಗಂತ ಎಲ್ಲಾನೂ ಆನ್ ಮಾಡಿದ್ರೆ ಸಂತೆ. ಚಾಕ್‌ಪೀಸ್ ಮುರೀತು ಅಂತಾನೂ ಬಂದು ಹೇಳ್ತಾರೆ."

ಅವಳು ಇಟ್ಟಿದ್ದು ಹದವಾಗಿ. ಎಲ್ಲ ವಿಭಾಗಗಳೂ ಗಂಭೀರವಾದದ್ದನ್ನು ಮಾತ್ರ ಹೇಳಬೇಕು, ಹೇಳಿದ್ದು ಪೆಟ್ಟಿಗೆಯ ಪುಟ್ಟ ಪರದೆಯ ಮೇಲೆ ಕಾಣಬೇಕು.

ಕಡತ ನೋಡುತ್ತಿದ್ದ ಸೊಸೆಯ ಬೆರಳು ನಿಂತಿತು. ಲ್ಯಾಪ್‌ಟಾಪನ್ನು ತಮ್ಮನ ಕಡೆ ತಿರುಗಿಸಿದಳು.

"ಮಾವ, ಮೇಲಿನ ಸಾಲು ಆಫ್ ಮಾಡಿದ್ದು ಯಾರು?"

ತಮ್ಮ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. "ಪರದೆ ಮೇಲೆ ಎಚ್ಚರಿಕೆ, ಎಚ್ಚರಿಕೆ ಅಂತ ಬರ್ತಿದ್ರೆ ಯಾರು ತಗೋತಾರೆ? ಅಂಗಡಿಯವನು ತನ್ನ ಹಣ್ಣು ಕೊಳೆತಿದೆ ಅಂತ ತಾನೇ ಕೂಗ್ತಾನಾ?"

"ನನ್ನನ್ನ ಒಂದು ಮಾತು ಕೇಳ್ದೆ?"

"ಕಾರ್ಖಾನೆ ನಿಂದಾ, ನಂದಾ?"

"ಕಾರ್ಖಾನೆ ನಿಮ್ಮದು, ತಪ್ಪು ಮಾತ್ರ ನಂದು! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ."

ತಮ್ಮನನ್ನು ನಾನು ಎತ್ತಿ ಆಡಿಸಿದವಳು. ಅವನ ಮೊದಲ ಬಾಡಿಗೆ ಕೋಣೆಗೆ ಪೊರಕೆ ಹಿಡಿದು ಹೋದವಳು. ಆದರೂ ಆ ಕ್ಷಣ ಅವನ ಮುಖ ನೋಡಲು ಹೇಸಿಗೆಯಾಯಿತು. "ಥೂ, ಹೆದರುಪುಕ್ಕ! ಮಾಡಿದವನು ನೀನು, ಸಹಿ ಮನೆ ಮಗಳ ಕೈಲಿ ಹಾಕಿಸ್ತೀಯಾ?" ಎಂದೆ.

ತಮ್ಮ ನನ್ನ ಕಡೆ ತಿರುಗಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ಗೆಲುವಿತ್ತು.

"ಅಕ್ಕ, ಆ ಸಾಲಿನ ಪಕ್ಕ ನಾನೇನು ಬರೆದಿದೀನಿ ಓದು."

ಬಗ್ಗಿ ನೋಡಿದೆ. ಅಲ್ಲಿ ಅವನು ಒಂದು ಟಿಪ್ಪಣಿ ಹಾಕಿದ್ದ: 'ಕೈಪಿಡಿ ಪುಟ ಹನ್ನೆರಡರ ಪ್ರಕಾರ.'

ಹನ್ನೆರಡನೇ ಪುಟದಲ್ಲಿರುವ ವಾಕ್ಯ ನನಗೆ ಬಾಯಿಪಾಠ. 'ಪರದೆ ಖಾಲಿಯಾಗಿದ್ದರೆ ಯಂತ್ರ ಆರೋಗ್ಯವಾಗಿದೆ ಎಂದು ತಿಳಿಯಿರಿ.' ಸೊಸೆ ಹೇಳಿದ್ದು ಇಷ್ಟು: ತೊಂದರೆ ಇದ್ದರೆ ಪರದೆಯ ಮೇಲೆ ಬರುತ್ತದೆ. ನಾನು ಅದನ್ನು ತಿರುಗಿಸಿ, ಓದುವವರಿಗೆ ಧೈರ್ಯ ಬರಲಿ ಎಂದು, ಹೀಗೆ ಬರೆದಿದ್ದೆ. ಕೈಪಿಡಿ ಅಚ್ಚಾಗಿ ಬಂದ ಮೇಲೆ ಒಂದು ಪೆಟ್ಟಿಗೆ ಪರೀಕ್ಷೆಯಲ್ಲಿ ಏನೋ ಒಂದು ಎಚ್ಚರಿಕೆ ತೋರಿಸಿತು. ಪುಸ್ತಕದಲ್ಲಿ ಖಾಲಿ ಎಂದಿದೆ, ಯಂತ್ರದಲ್ಲಿ ಅಕ್ಷರ ಬರುತ್ತಿದೆ. ಬೇರೆ ಯಾರಾದರೂ ಆಗಿದ್ದರೆ ಯಂತ್ರಕ್ಕೆ ಏನಾಗಿದೆ ಎಂದು ನೋಡುತ್ತಿದ್ದರು, ಇಲ್ಲವೇ ಪುಸ್ತಕ ತಿದ್ದುತ್ತಿದ್ದರು. ನನ್ನ ತಮ್ಮ, ಅಚ್ಚಾದ ಪುಸ್ತಕ ಸುಳ್ಳಾಗಬಾರದೆಂದು ಯಂತ್ರವನ್ನೇ ತಿದ್ದಿದ್ದ.

"ನಿನ್ನ ಮಾತು ಉಳಿಸೋಕೆ ಮಾಡಿದ್ದು, ಅಕ್ಕ," ಎಂದ.

ಅವನು ಪತ್ರವನ್ನು ಮಡಚಿ ನನ್ನ ಕೈಗಿತ್ತ. "ಅವಳಿಗೆ ಅಲ್ಲಿ ಹೋಗಿ ನೋಡಲೇಬೇಕಂತೆ. ನೀನೂ ಹೋಗು. ನೋಡಿ ಮುಗಿದ ಮೇಲೆ ಸಹಿ ಹಾಕಿಸಿ ಕೊಟ್ಟು ಬಾ. ದೊಡ್ಡವಳು ನೀನು, ನಿನ್ನ ಮಾತು ಕೇಳ್ತಾಳೆ."

ಬಸ್ಸು ತುಂಬಿತ್ತು. ನಿಂತಿದ್ದ ನನ್ನ ಮೊಣಕೈಯನ್ನು ಯಾರೋ ಮೆಲ್ಲಗೆ ಮುಟ್ಟಿದರು. ಕಾಲಿಗೆ ಬ್ಯಾಂಡೇಜು ಕಟ್ಟಿಕೊಂಡ ಹೆಂಗಸೊಬ್ಬಳು ಸೀಟಿನಲ್ಲಿ ಒತ್ತಿ ಕುಳಿತು ಒಂದು ಗೇಣು ಜಾಗ ಮಾಡಿದ್ದಳು. ಕುಳಿತೆ. ಆ ಒಂದು ಗೇಣು ಜಾಗಕ್ಕೆ ಕಣ್ಣಲ್ಲಿ ನೀರು ಬಂತು. ಮರುಕ್ಷಣವೇ ತಮ್ಮನ ಮುಖ ನೆನಪಾಗಿ ನೀರು ಆರಿತು.

ಲಸಿಕೆಯ ಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿತ್ತು. ಗೋಡೆಗೆ ಸಾಲಾಗಿ ಐದು ಫ್ರಿಜ್ಜು, ಒಂದು ಮೇಜು, ಕಿಟಕಿಯಿಲ್ಲ. ನಾಲ್ಕು ಒಟ್ಟಿಗೆ ಗುಂಯ್‌ಗುಡುತ್ತಿದ್ದವು. ಕೆಟ್ಟಿದ್ದ ಐದನೆಯದರ ಬಾಗಿಲು ತೆರೆದಿಟ್ಟಿದ್ದರು, ಒಳಗೆ ಖಾಲಿ ಕಂಬಿಗಳು. ಕೋಣೆಯ ಉಸ್ತುವಾರಿ ಒಬ್ಬ ಸಿಸ್ಟರದು. ನಲವತ್ತೈದರ ಆಸುಪಾಸು, ನೆಟ್ಟಗಿನ ಬೆನ್ನು, ಕಿವಿಯ ಹಿಂದೆ ಪೆನ್ಸಿಲು.

"ಬಂದ್ರಾ? ಮೂಗ ಪೆಟ್ಟಿಗೆಯ ತವರಿನವರು ನೀವೇನಾ?" ಎಂದಳು.

"ನಾನೇ ಬರೆದಿದ್ದು ಸಿಸ್ಟರ್," ಎಂದಳು ಸೊಸೆ.

"ಬಾಗಿಲಲ್ಲಿ ನಿಂತು ನಲವತ್ತೆರಡು ತಾಯಂದಿರನ್ನ ವಾಪಸ್ ಕಳಿಸಿದೀನಿ ನಾನು. ಒಬ್ಬಳು ಎರಡು ಬಸ್ ಬದಲಾಯಿಸ್ಕೊಂಡು ಬಂದಿದ್ಳು, ಕಂಕುಳಲ್ಲಿ ಒಂದು, ಕೈಯಲ್ಲಿ ಒಂದು. ಅವಳಿಗೆ ಏನು ಹೇಳ್ಲಿ? ಪೆಟ್ಟಿಗೆ ಮೌನವ್ರತ ಹಿಡಿದಿತ್ತು ಅಂತ ಹೇಳ್ಲಾ?"

ಸಿಸ್ಟರ್ ಒಂದು ರಿಜಿಸ್ಟರು ತಂದು ಮೇಜಿನ ಮೇಲೆ ಬಡಿದಳು. ಬೆಳಿಗ್ಗೆ ಒಂದು, ಸಂಜೆ ಒಂದು; ಎರಡು ತಿಂಗಳ ಸಾಲುಗಳು. ಪ್ರತಿ ಸಾಲಿನಲ್ಲೂ ದುಂಡನೆಯ ಅಕ್ಷರದಲ್ಲಿ 'ಖಾಲಿ', ಪಕ್ಕದಲ್ಲಿ ಸರಿ ಗುರುತು. ಶನಿವಾರ: ಖಾಲಿ, ಸರಿ. ಭಾನುವಾರ, ರಜೆಯ ದಿನವೂ ಬಂದಿದ್ದಾಳೆ: ಖಾಲಿ, ಸರಿ. ಪೆಟ್ಟಿಗೆಯ ಪಕ್ಕ ಮೊಳೆಗೆ ನನ್ನ ಕೈಪಿಡಿ ತೂಗುತ್ತಿತ್ತು. ಹನ್ನೆರಡನೇ ಪುಟ ಮಡಚಿತ್ತು, ನನ್ನ ವಾಕ್ಯದ ಕೆಳಗೆ ಪೆನ್ಸಿಲ್ ಗೆರೆ.

"ಬಾಗಿಲು ಸುಮ್ಮನೆ ತೆರೀಬೇಡಿ, ತಂಪು ಹೋಗುತ್ತೆ ಅಂತಾನೂ ಇದರಲ್ಲೇ ಬರೆದಿದೆ. ತೆರೀಲಿಲ್ಲ," ಎಂದಳು ಸಿಸ್ಟರ್. "ಯಾರು ಬರೆದ್ರೋ ಪುಣ್ಯಾತ್ಮರು!"

ಆ ಪುಣ್ಯಾತ್ಮೆ ನಾನು ಎದುರಿಗೇ ನಿಂತಿದ್ದೆ. ಮಡಚಿದ್ದ ಆ ಪುಟವನ್ನು ಬಿಡಿಸಿ ಮತ್ತೆ ಮಡಚಿಟ್ಟೆ.

ಸೊಸೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತಳು. ಪೆಟ್ಟಿಗೆಯನ್ನು ಚಾಲೂ ಇದ್ದ ಒಂದು ಫ್ರಿಜ್ಜಿಗೆ ಅಂಟಿಸಿ, ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿದಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಕೀಲಿಗಳನ್ನು ಬಡಿಯುತ್ತಿದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಮೇಲಿನ ಸಾಲು ಆನ್. ಕೆಳಗಿನ ಎಲ್ಲ ವಿಭಾಗ ಆನ್. ಸಣ್ಣದು ದೊಡ್ಡದು ಎಲ್ಲ ದೂರೂ ಬರಲಿ. "ಹೇಳಿ, ಏನೇನು ಹೇಳೋದಿದೆಯೋ ಎಲ್ಲಾ ಹೇಳಿ ಸಾಯಿರಿ," ಎಂದು ಪೆಟ್ಟಿಗೆಗೇ ಹೇಳಿ, ಹೊಸ ಸಾಫ್ಟ್‌ವೇರ್ ತುಂಬಿಸಿದಳು.

ಲ್ಯಾಪ್‌ಟಾಪಿನಲ್ಲಿ ಅಕ್ಷರದ ಜಡಿಮಳೆ ಸುರಿಯಿತು. ಸಾಲಿನ ಮೇಲೆ ಸಾಲು, ಕಣ್ಣಿಗೆ ಹಿಡಿಯುವಷ್ಟರಲ್ಲಿ ಮೇಲೆ ಓಡಿಹೋಗುತ್ತಿತ್ತು. ಪೆಟ್ಟಿಗೆ ಮಾತಾಡುವುದರಲ್ಲೇ ಮುಳುಗಿ, ಬಂದ ಸುದ್ದಿಗೆ ಉತ್ತರ ಕೊಡಲಾಗದೆ, ಐದು ನಿಮಿಷದಲ್ಲಿ ನೆಟ್‌ವರ್ಕಿನಿಂದಲೇ ಕಳಚಿಕೊಂಡಿತು.

ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ಮೊನ್ನೆ ಮೂಗ, ಇವತ್ತು ವಾಚಾಳಿ. ನಿಮ್ಮಲ್ಲಿ ಮನುಷ್ಯರ ಹಾಗೆ ಮಾತಾಡೋದು ಯಾವುದೂ ಇಲ್ವಾ?"

ಸೊಸೆಗೆ ನಗು ಬರಬಾರದ ಹೊತ್ತಿನಲ್ಲಿ ನಗು ಬಂತು. ಮುಖವನ್ನು ಎರಡೂ ಕೈಯಲ್ಲಿ ಉಜ್ಜಿಕೊಂಡಳು. "ಸಿಟ್ಟಿನ ಕೈಗೆ ಬುದ್ಧಿ ಕೊಟ್ಟೆ ಅತ್ತೆ," ಎಂದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಬೆವರಿಗೆ ಅಂಗಿ ಒದ್ದೆಯಾಗಿತ್ತು, ಆ ತಣ್ಣಗಿನ ಕೋಣೆಯಲ್ಲೂ.

ಈ ಸಲ ನಿಧಾನವಾಗಿ ಮಾಡಿದಳು. ವಿಳಾಸ ಹುಡುಕುವ ವಿಭಾಗ ಆಫ್. ಸುದ್ದಿ ಕಳಿಸುವುದು ಆಫ್. ಮೆಮೊರಿ ಒಂದನ್ನೇ ಆನ್ ಉಳಿಸಿ, ಅದೂ ಎಚ್ಚರಿಕೆಯ ಮಟ್ಟ ಮುಟ್ಟಿದರೆ ಮಾತ್ರ ಹೇಳಲಿ ಎಂದು ಬರೆದಳು. ಆಮೇಲೆ ಕಾಯುವುದು. ಲ್ಯಾಪ್‌ಟಾಪು ಕಪ್ಪಗೆ ಸುಮ್ಮನಿತ್ತು. ನಾನು ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕುಳಿತೆ. ಸಿಸ್ಟರ್ ನಮ್ಮ ಕಡೆ ಬೆನ್ನು ಹಾಕಿ ಸೀಸೆಗಳ ಮೇಲಿನ ತಾರೀಕು ನೋಡುತ್ತಿದ್ದಳು. ಹನ್ನೊಂದಾಯಿತು, ಹನ್ನೆರಡಾಯಿತು.

ಹನ್ನೆರಡೂ ಹತ್ತಕ್ಕೆ ಪಕ್ಕದ ಕೋಣೆಯಲ್ಲಿ ಚೀಟಿ ಅಚ್ಚು ಹಾಕುವ ಯಂತ್ರ ಕಿರ್ರೆಂದಿತು. ಲ್ಯಾಪ್‌ಟಾಪಿನಲ್ಲಿ ಒಂದೇ ಒಂದು ಸಾಲು ಮೂಡಿತು. ಇಪ್ಪತ್ತು ನಿಮಿಷಕ್ಕೆ ಯಂತ್ರ ಮತ್ತೆ ಕಿರ್ರೆಂದಿತು, ಇನ್ನೊಂದು ಸಾಲು.

ಸೊಸೆ ಎರಡನ್ನೂ ಓದಿ ನನಗೆ ವಿವರಿಸಿದಳು. ಬಂದ ಸುದ್ದಿಯನ್ನು ಇಟ್ಟುಕೊಳ್ಳಲು ಪೆಟ್ಟಿಗೆಯೊಳಗೆ ಹದಿನಾರು ಬುಟ್ಟಿಗಳಿವೆ ಎನ್ನಿ. ಓದಿ ಆದ ಮೇಲೆ ಬುಟ್ಟಿಯನ್ನು ಜಾಗಕ್ಕೆ ಇಡಬೇಕು. ಪಕ್ಕದ ಕೋಣೆಯ ಯಂತ್ರ ಆಗಾಗ ತುಂಬ ಉದ್ದದ ಸುದ್ದಿಯನ್ನು ತುಂಡುತುಂಡಾಗಿ ಆ ನೆಟ್‌ವರ್ಕಿನ ಎಲ್ಲ ಯಂತ್ರಗಳಿಗೂ ಕಳಿಸುತ್ತಿತ್ತು. ಆ ತುಂಡುಗಳನ್ನು ಬೇಡವೆಂದು ಎಸೆಯುವಾಗ ಪೆಟ್ಟಿಗೆ ಒಂದು ಬುಟ್ಟಿಯನ್ನು ವಾಪಸು ಇಡುತ್ತಿರಲಿಲ್ಲ. ಹದಿನಾರೂ ಹೋದ ಮೇಲೆ ಅದು ಕಿವುಡೂ ಆಗುತ್ತಿತ್ತು, ಮೂಕವೂ ಆಗುತ್ತಿತ್ತು. ನಮ್ಮ ಕಾರ್ಖಾನೆಯಲ್ಲಿ ಅಂಥ ಯಂತ್ರವಿಲ್ಲ; ಅಲ್ಲಿ ವರ್ಷವಿಡೀ ಓಡಿಸಿದರೂ ಗೊತ್ತಾಗುತ್ತಿರಲಿಲ್ಲ.

"ಬುಟ್ಟಿ ವಾಪಸ್ ಇಡದೆ ಇರೋದು ಯಾರು ಬರೆದ ಜಾಗದಲ್ಲಿ?" ಎಂದು ಕೇಳಿದೆ. ಕೇಳಬಾರದಿತ್ತು.

ಸೊಸೆ ಆ ಕಡತ ತೆರೆದು ಸಾಲುಸಾಲಾಗಿ ಓದಿದಳು. "ನಾನು ಬರೆದಿದ್ದೇ ಅತ್ತೆ. ಒಂದು ಸಾಲು ಬಿಟ್ಟಿದೀನಿ." ಕೈ ಚಾಚಿದಳು. "ಕೊಡಿ ಆ ಪತ್ರ. ಮಾವ ಹೇಳಿದ್ದೇ ಸರಿ ಅಲ್ವಾ."

ಆಗ ನನಗೆ ಬಂದ ಸಿಟ್ಟು ಬೆಳಗ್ಗಿನದಕ್ಕಿಂತ ದೊಡ್ಡದು. ತಮ್ಮ ಹೇಳಿದ್ದು ಸರಿಯಾಗಿಬಿಟ್ಟಿತಲ್ಲ ಎಂಬ ಸಿಟ್ಟು. ಅವನು ನೋಡದೆ, ತಿಳಿಯದೆ ಎಸೆದ ಕಲ್ಲು ಹೋಗಿ ಸರಿಯಾದ ಹಣೆಗೇ ತಾಗಿತಲ್ಲ ಎಂಬ ಸಿಟ್ಟು. ನಾಳೆ ಅವನು ಹಲ್ಲು ಕಿರಿಯುವುದು ನನಗೆ ಅಲ್ಲಿಂದಲೇ ಕಾಣುತ್ತಿತ್ತು.

"ಕೊಡಲ್ಲ," ಎಂದೆ.

"ಅತ್ತೆ, ತಪ್ಪು ನಂದೇ."

"ಒಂದು ಸಾಲು ಬಿಟ್ಟಿದ್ದು ನೀನು. ಅದು ಕೂಗದ ಹಾಗೆ ಬಾಯಿ ಮುಚ್ಚಿಸಿದ್ದು ಅವನು. ಸುಮ್ಮನಿದ್ದರೆ ಆರೋಗ್ಯ ಅಂತ ಊರಿಗೆಲ್ಲ ಸಾರಿದ್ದು ನಾನು. ಅರ್ಧ ಸತ್ಯಕ್ಕೆ ಪೂರ್ತಿ ಸಹಿ ಹಾಕಬೇಡ."

ಸಿಸ್ಟರ್ ತಿರುಗಿದಳು. "ಏನಂದ್ರಿ? ಆ ಪುಸ್ತಕ ನೀವು ಬರೆದಿದ್ದಾ?"

"ಹೌದಮ್ಮ, ನಾನೇ ಬರೆದಿದ್ದು. ಆ ಗೆರೆ ಎಳೆದ ವಾಕ್ಯವೂ ನನ್ನದೇ."

ಬಯ್ಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಅವಳು ಕಿವಿಯ ಹಿಂದಿನ ಪೆನ್ಸಿಲು ತೆಗೆದು ಮತ್ತೆ ಅಲ್ಲೇ ಇಟ್ಟುಕೊಂಡಳು. "ನಮ್ಮ ದೊಡ್ಡವರು ನನ್ನನ್ನ ಕೇಳ್ತಿದಾರೆ, ಎರಡು ದಿನ ನೀನು ಏನು ನೋಡಿ ಸರಿ ಅಂತ ಬರೆದೆ ಅಂತ," ಎಂದಳು. ದನಿ ಅಷ್ಟೇ ಒರಟಾಗಿತ್ತು. ನಿಂತಿದ್ದ ನನ್ನ ಕಡೆಗೆ ಸ್ಟೂಲನ್ನು ಮಾತ್ರ ಕಾಲಿನಿಂದ ಸರಿಸಿದಳು.

ನಾನು ತಮ್ಮನಿಗೆ ಫೋನು ಮಾಡಿದೆ. ಹೇಳದೆ ಮಾಡುವುದು ನಮ್ಮಪ್ಪ ಕಲಿಸಿದ ರೀತಿಯಲ್ಲ.

"ಸಿಕ್ತಾ? ಅವಳದ್ದೇ ತಪ್ಪಾ?" ಎಂದ, ಮೊದಲ ಮಾತಿಗೇ.

"ಮೂವರದ್ದೂ. ಮೂವರದ್ದನ್ನೂ ಬರೆದು ಕೊಡ್ತಿದೀನಿ."

"ಅಕ್ಕಾ! ಉಂಡ ಮನೆಗೆ ಎರಡು ಬಗೀತೀಯಾ?"

"ಉಂಡಿದ್ದು ನಿನ್ನ ಮನೇಲಲ್ಲ ಕಣೋ, ನೀನು ಉಂಡಿದ್ದು ನನ್ನ ಕೈಯಲ್ಲಿ. ಬೇರೆ ಆಸ್ಪತ್ರೆಗಳಲ್ಲಿ ಇನ್ನೂ ಮೂವತ್ತೊಂದು ಪೆಟ್ಟಿಗೆ ಹೀಗೇ ಬಾಯಿ ಮುಚ್ಕೊಂಡು ಕೂತಿವೆ. ನಿನ್ನ ಪತ್ರದಲ್ಲಿ ಅವುಗಳ ಸುದ್ದಿ ಎಲ್ಲಿದೆ?"

"ಒಂದೊಂದಾಗಿ ಸದ್ದಿಲ್ಲದೆ ಬದಲಾಯಿಸೋಣ. ಊರಿಗೆಲ್ಲ ಡಂಗುರ ಯಾಕೆ?"

ಸದ್ದಿಲ್ಲದೆ! "ಸದ್ದಿಲ್ಲದೆ ಮಾಡಿದ್ದಕ್ಕೇ ಇವತ್ತು ಇಲ್ಲಿ ನಿಂತಿದೀವಿ," ಎಂದು ಕಿರುಚಿದೆ. ನನ್ನ ಜನ್ಮದಲ್ಲಿ ನಾನು ಹಾಗೆ ಕಿರುಚಿದ್ದು ನೆನಪಿಲ್ಲ. ಸೊಸೆ ಎದ್ದು ನಿಂತಳು.

"ಹಾಗಾದ್ರೆ ಇಬ್ಬರೂ ನಾಳೆಯಿಂದ ಈ ಮೆಟ್ಟಿಲು ಹತ್ತಬೇಡಿ," ಎಂದು ತಮ್ಮ ಫೋನಿಟ್ಟ.

ಅವನ ಪತ್ರವನ್ನು ನಾಲ್ಕು ಚೂರು ಮಾಡಿ ನನ್ನ ಚೀಲಕ್ಕೆ ಹಾಕಿಕೊಂಡೆ. ಅವರ ಕೋಣೆಯಲ್ಲಿ ಕಸ ಮಾಡುವುದು ಬೇಡವೆಂದು. ಸಿಸ್ಟರ್ ಕೇಳದೆಯೇ ಎರಡು ಬಿಳಿ ಹಾಳೆ ಕೊಟ್ಟಳು. ನಾನು ಬರೆದೆ, ಸೊಸೆ ಹೇಳಿದಳು. ಎಲ್ಲಿ ಒಂದು ಸಾಲು ಬಿಟ್ಟುಹೋಗಿದೆ, ಅದರಿಂದ ಏನಾಗುತ್ತದೆ. ಎಚ್ಚರಿಕೆಗಳು ಕಾಣದಂತೆ ಯಾವ ದಿನ, ಯಾರು, ಯಾವ ಕಾರಣಕ್ಕೆ ಮಾಡಿದರು. ಕೈಪಿಡಿಯ ಹನ್ನೆರಡನೇ ಪುಟದ ವಾಕ್ಯ ತಪ್ಪು. ಅದನ್ನು ನಂಬಿ ಸರಿ ಎಂದು ಗುರುತು ಹಾಕಿದವರದು ತಪ್ಪಲ್ಲ. ಈ ಕೊನೆಯದನ್ನು ಬರೆಯುವಾಗ ಮಾತ್ರ ನನ್ನ ಅಕ್ಷರ ನಡುಗಲಿಲ್ಲ. ಕೆಳಗೆ ಎರಡು ಸಹಿ ಬಿತ್ತು. ಮೂರನೆಯದಕ್ಕೆ ಜಾಗ ಬಿಟ್ಟು, 'ಸಂಸ್ಥೆಯ ಮಾಲೀಕರು' ಎಂದಷ್ಟೇ ಬರೆದೆ.

ಸಿಸ್ಟರ್ ನಿಂತುಕೊಂಡೇ ಎರಡು ಸಲ ಓದಿದಳು.

"ಇದನ್ನ ಹೀಗೇ ಮೇಲಕ್ಕೆ ಕಳಿಸ್ತೀನಿ. ಒಂದು ಅಕ್ಷರ ಬಿಡಲ್ಲ," ಎಂದಳು. ಆಮೇಲೆ ಸೊಸೆಯ ಕಡೆ ನೋಡಿ, "ನನ್ನ ಸಿಟ್ಟು ಹೋಗಿದೆ ಅಂತ ತಿಳ್ಕೋಬೇಡಿ. ಆ ಮೂವತ್ತೊಂದು ಎಲ್ಲೆಲ್ಲಿವೆ ಗೊತ್ತಾ?"

"ಪಟ್ಟಿ ಇದೆ."

"ಮತ್ತೆ ಯಾಕೆ ಕೂತಿದೀರಿ? ಆ ಫೋನ್ ತಗೊಳ್ಳಿ. ಸೊನ್ನೆ ಒತ್ತಿದ್ರೆ ಹೊರಗಿನ ಲೈನು."

ಸೊಸೆ ಮೇಜಿಗೆ ಬಂದು ಕುಳಿತಳು. ಮೊದಲ ಆಸ್ಪತ್ರೆಗೆ ಹಚ್ಚಿದಳು. "ನಮಸ್ಕಾರ. ನಿಮ್ಮ ಲಸಿಕೆ ಫ್ರಿಜ್ಜಿಗೆ ಅಂಟಿಸಿರೋ ಪೆಟ್ಟಿಗೆಯ ಸಾಫ್ಟ್‌ವೇರ್ ಬರೆದವಳು ನಾನು. ದಯವಿಟ್ಟು ಈಗಲೇ ಬಾಗಿಲು ತೆರೆದು ಒಳಗೆ ಎಷ್ಟು ಡಿಗ್ರಿ ಇದೆ ನೋಡಿ. ಅದರ ಪರದೆ ನಂಬಬೇಡಿ." ಆ ಕಡೆಯವರು ಏನೋ ಬಯ್ದರು. "ಹೌದು, ನಮ್ಮದೇ ತಪ್ಪು," ಎಂದಳು. ಪಟ್ಟಿಯಲ್ಲಿ ಒಂದು ಗೆರೆ ಎಳೆದು ಎರಡನೆಯದಕ್ಕೆ ಹಚ್ಚಿದಳು. ಮತ್ತೆ ಬೈಗುಳ. ಮೂರನೆಯದು. ಏಳನೆಯ ಕಡೆಯವರು ಬಾಗಿಲು ತೆರೆದು ಬಂದು, ಹನ್ನೊಂದು ಡಿಗ್ರಿ ಎಂದು ಕೂಗಿದ್ದು ನನಗೂ ಕೇಳಿಸಿತು. "ಬೇರೆ ಫ್ರಿಜ್ಜಿಗೆ ಹಾಕಿ, ಈಗಲೇ, ನಾನು ಲೈನಲ್ಲೇ ಇರ್ತೀನಿ," ಎಂದ ಸೊಸೆಯ ದನಿ ಅಲ್ಲಿ ಮೊದಲ ಬಾರಿಗೆ ಒಡೆಯಿತು.

ಎರಡು ಗಂಟೆ ದಾಟಿತ್ತು. ಬೆಳಿಗ್ಗೆಯಿಂದ ಅವಳು ಒಂದು ಗುಟುಕು ನೀರು ಕುಡಿದಿರಲಿಲ್ಲ.

ಸಿಸ್ಟರ್ ಮೇಜಿನ ಕೆಳಗಿನ ಖಾನೆ ಎಳೆದು, ಬಟ್ಟೆಯಲ್ಲಿ ಸುತ್ತಿದ ತನ್ನ ಊಟದ ಡಬ್ಬಿ ಹೊರಗೆ ತೆಗೆದಳು. ಗಂಟು ಬಿಚ್ಚಿದಳು. ಮುಚ್ಚಳ ತೆರೆದು, ಚಮಚವನ್ನು ತನ್ನ ಕೋಟಿನ ಅಂಚಿಗೆ ಒರೆಸಿ, ಸೊಸೆ ಫೋನು ಹಿಡಿಯದ ಕೈಯ ಹತ್ತಿರಕ್ಕೆ ಮೆಲ್ಲಗೆ ಸರಿಸಿದಳು. ಆಮೇಲೆ ಚಾಲೂ ಇದ್ದ ನಾಲ್ಕು ಫ್ರಿಜ್ಜುಗಳ ಬಾಗಿಲು ಒಂದೊಂದಾಗಿ ತೆರೆದು ನೋಡಲು ಹೋದಳು.